‘ಮತ್ತೆ ಹೊಡೀತಾನಾ?’: ನಮ್ಮ ಅಂದಾಜನ್ನು ನಾನು ಅಳೆದ ರೀತಿ

ದಾವಣಗೆರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡುತ್ತೇನೆ. ಹಿಂದೆ ಹೊಡೆದಾಟ ಮಾಡಿದ ರೋಗಿಯನ್ನು ಮನೆಗೆ ಕಳಿಸುವಾಗ ಮನೆಯವರು ಕೇಳುವುದು ಒಂದೇ: ‘ಮೇಡಂ, ಮತ್ತೆ ಹಂಗೇ ಮಾಡ್ತಾನಾ?’ ಉತ್ತರ ಹೇಳಲು ನಾನು ಎಚ್‌ಸಿಆರ್-20 ಬಳಸುತ್ತೇನೆ. ಒಬ್ಬರು ಮುಂದೆ ಹಿಂಸೆಗಿಳಿಯುವ ಅಪಾಯ ಎಷ್ಟು ಅಂತ ಅಂದಾಜು ಮಾಡುವ ಪಟ್ಟಿ ಅದು. ಅದರಲ್ಲಿ 20 ಅಂಶಗಳಿವೆ. 10 ಹಿಂದಿನ ಬದುಕಿನವು, 5 ಈಗಿನ ಸ್ಥಿತಿಯವು, 5 ಮುಂದೆ ಎದುರಾಗಬಹುದಾದವು. ನಮ್ಮ ಮಾತು ಎಷ್ಟು ನಿಜವಾಗುತ್ತದೆ ಅಂತ ನೋಡಲೇಬೇಕಿತ್ತು.

ಅಂದಾಜನ್ನು ಮೊದಲೇ ದಿನಾಂಕ ಹಾಕಿ ಬರೆದಿಟ್ಟೆ. ಆಮೇಲೆ ತಿದ್ದುವಂತಿಲ್ಲ. ಸಹೋದ್ಯೋಗಿಯೊಬ್ಬರು ಅದೇ ಫೈಲ್ ಓದಿ ತಮ್ಮ ಅಂದಾಜನ್ನು ಬೇರೆಯಾಗಿ ಬರೆದರು. ವರ್ಷದ ನಂತರ, ಮೊದಲೇ ಒಪ್ಪಿಗೆ ಕೊಟ್ಟಿದ್ದ ಮನೆಗಳಿಗೆ ಫೋನ್ ಮಾಡಿದವರಿಗೆ ಇವೆರಡೂ ಗೊತ್ತಿರಲಿಲ್ಲ.

ಕಷ್ಟ ಇದ್ದದ್ದು ನಡೆದದ್ದನ್ನು ತಿಳಿಯುವುದರಲ್ಲಿ. ಪೊಲೀಸ್ ದಾಖಲೆ ಸಾಲದು. ಜಗಳೂರು ಕಡೆಯ ಹಳ್ಳಿಯಲ್ಲಿ ಹೆಂಡತಿಗೆ ಬಿದ್ದ ಏಟು ಠಾಣೆಗೆ ಹೋಗುವುದಿಲ್ಲ, ಹಿರಿಯರೇ ಕೂತು ಮುಗಿಸುತ್ತಾರೆ. ‘ಗಲಾಟೆ ಆಯ್ತಾ?’ ಅಂದರೆ ‘ಏನೂ ಇಲ್ಲ, ಆರಾಮಿದ್ದೀವಿ’ ಅನ್ನುತ್ತಾರೆ. ‘ಕೈ ಎತ್ತಿದ್ರಾ? ಏನಾದ್ರೂ ಎಸೆದ್ರಾ?’ ಅಂತ ಒಂದೊಂದಾಗಿ ಕೇಳಿದಾಗಲೇ ನಿಜ ಬರುವುದು.

ಇನ್ನು ಲೆಕ್ಕ. 100 ಜನರಲ್ಲಿ 10 ಮಂದಿ ಮುಂದೆ ಹೊಡೆಯುತ್ತಾರೆ ಅಂದುಕೊಳ್ಳಿ. ಯಾರೂ ಹೊಡೆಯಲ್ಲ ಅಂತ ಸುಮ್ನೆ ಹೇಳಿದರೂ ಶೇ 90 ಸರಿ! ಅದರಿಂದ ಯಾರಿಗೆ ಉಪಯೋಗ? ಆ 10ರಲ್ಲಿ 8 ಮಂದಿಯನ್ನು ಹಿಡಿದು, ಉಳಿದ 90ರಲ್ಲಿ 27 ಮಂದಿಯನ್ನೂ ‘ಅಪಾಯ’ ಅಂದರೆ, ಆ ಪಟ್ಟಿಯ 35 ಜನರಲ್ಲಿ ನಿಜವಾಗಿ ಹೊಡೆಯುವವರು 8 ಮಾತ್ರ. ‘ಅಪಾಯ ಇಲ್ಲ’ ಎಂದ 65ರಲ್ಲಿ ತಪ್ಪುವುದು ಬರೀ 2. ಹಾಗಾಗಿ ಎರಡು ಪಟ್ಟಿಯನ್ನೂ ಬೇರೆ ಬೇರೆ ನೋಡಿದೆ. 2012ರಲ್ಲಿ ಸಂಶೋಧಕ ಫಾಜೆಲ್ ಮತ್ತು ಸಂಗಡಿಗರು ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗಲೂ ಇದೇ ಕಂಡಿತ್ತು: ಅಪಾಯ ಇದೆ ಎಂದವರಲ್ಲಿ ಶೇ 41 ಜನ ಹಿಂಸೆಗಿಳಿದಿದ್ದರು, ಅಪಾಯ ಕಡಿಮೆ ಎಂದವರಲ್ಲಿ ಶೇ 91 ಜನ ಇಳಿದಿರಲಿಲ್ಲ. ಇಷ್ಟನ್ನೇ ನಂಬಿ ಒಬ್ಬನನ್ನು ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಇನ್ನೊಂದು ವಿಷಯವಿದೆ. ಜಾಸ್ತಿ ಅಪಾಯ ಎಂದವರನ್ನೇ ನಾವು ಮತ್ತೆ ಮತ್ತೆ ಕರೆಸುತ್ತೇವೆ, ಮಾತ್ರೆ ತಪ್ಪದಂತೆ, ಕುಡಿತ ಬಿಡುವಂತೆ ನೋಡಿಕೊಳ್ಳುತ್ತೇವೆ. ಅದರಿಂದಲೇ ಅವನು ಕೈ ಎತ್ತದಿದ್ದರೆ ಲೆಕ್ಕದಲ್ಲಿ ನಮ್ಮ ಅಂದಾಜು ತಪ್ಪು ಅಂತ ಬರುತ್ತದೆ. ಅದಕ್ಕೇ ಈಗ ನನ್ನ ಹಾಳೆಯಲ್ಲಿ, ಆ ವರ್ಷ ಯಾರಿಗೆ ಯಾವ ಚಿಕಿತ್ಸೆ ಸಿಕ್ಕಿತು, ಎಲ್ಲಿ ನಿಂತುಹೋಯಿತು ಅಂತ ಬರೆಯಲು ಬೇರೆ ಕಾಲಂ ಇಟ್ಟಿದ್ದೇನೆ.