ಓವನ್‌ನಲ್ಲಿ ಹಾರಿಹೋದ ಅಮೋನಿಯ

ಬಿ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಸಂಕ್ರಮಣ ಲೋಹಗಳ ಸಂಕೀರ್ಣಗಳನ್ನು (ಕೋಬಾಲ್ಟ್, ನಿಕಲ್, ತಾಮ್ರದಂಥ ಲೋಹದ ಸುತ್ತ ಅಮೋನಿಯದಂಥ ಅಣುಗಳು ಅಂಟಿಕೊಂಡ ಸಂಯುಕ್ತಗಳನ್ನು) ಆರಿಸಿಕೊಂಡಿದ್ದಕ್ಕೆ ಬಣ್ಣವೇ ಕಾರಣ, ಬೇರೇನಿಲ್ಲ. ಕೋಬಾಲ್ಟ್ ಕ್ಲೋರೈಡಿನ ಗುಲಾಬಿ ದ್ರಾವಣಕ್ಕೆ ಗಾಢ ಹೈಡ್ರೋಕ್ಲೋರಿಕ್ ಆಮ್ಲ ಬಿದ್ದರೆ ನೀಲಿ, ಮಂಜುಗಡ್ಡೆಯಲ್ಲಿಟ್ಟರೆ ಮತ್ತೆ ಗುಲಾಬಿಯತ್ತ. ನಿಕಲ್‌ನ ಹಸಿರಿಗೆ ಎಥಿಲೀನ್‌ಡೈಅಮೀನ್ ಹನಿಸುತ್ತ ಹೋದರೆ ನೀಲಿ ದಾಟಿ ನೇರಳೆ. ಇವೆಲ್ಲ ಒಂದೇ ಮಧ್ಯಾಹ್ನ ಮುಗಿದವು. ಫೋಟೊ ಚೆನ್ನಾಗಿ ಬಂದವು, ಅಷ್ಟೆ. ಕಾಡಿದ್ದು ತಾಮ್ರ.

5 ಗ್ರಾಂ ಮೈಲುತುತ್ತವನ್ನು (ಕಾಪರ್ ಸಲ್ಫೇಟ್) 20 ಮಿ.ಲೀ. ಬೆಚ್ಚಗಿನ ನೀರಲ್ಲಿ ಕರಗಿಸಿ, ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್ ಒಳಗೆ ಗಾಢ ಅಮೋನಿಯ ಹನಿಸಿದೆ. ಮೊದಲು ಹಾಲೊಡೆದಂತೆ ತಿಳಿನೀಲಿ ಪ್ರಕ್ಷೇಪ, ಅಂದರೆ ಕರಗದ ಗಸಿ. ಕೈ ಬಿಡದೆ ಹಾಕುತ್ತ ಹೋದೆ, 10 ಮಿ.ಲೀ. ಆಗುವಷ್ಟರಲ್ಲಿ ಎಲ್ಲ ಕರಗಿ ಶಾಯಿಯಂಥ ಕಡುನೀಲಿ. ಬೀಕರಿನ ಗೋಡೆಗುಂಟ ಎಥನಾಲ್ ಇಳಿಸಿದಾಗ ತಳದಲ್ಲಿ ಹರಳು ಕೂತವು. ಟೆಟ್ರಾಅಮ್ಮೀನ್ ಕಾಪರ್ ಸಲ್ಫೇಟ್, ತಾಮ್ರವೊಂದಕ್ಕೆ ನಾಲ್ಕು ಅಮೋನಿಯ ಅಂಟಿಕೊಂಡದ್ದು. ಲೆಕ್ಕದ ಪ್ರಕಾರ 4.92 ಗ್ರಾಂ ಬರಬೇಕು, ನನಗೆ ಸಿಕ್ಕಿದ್ದು 4.1.

ಬೇಗ ಒಣಗಲಿ ಎಂದು ಅರ್ಧ ಭಾಗವನ್ನು 110 ಡಿಗ್ರಿಯ ಓವನ್‌ಗೆ ತಳ್ಳಿ ಊಟಕ್ಕೆ ಹೋದೆ. ಬಂದು ಬಾಗಿಲು ತೆಗೆದರೆ ಮೂಗಿಗೆ ರಪ್ಪನೆ ಅಮೋನಿಯ. ಕಡುನೀಲಿ ಹೋಗಿ ಪೇಲವ ಪುಡಿ ಉಳಿದಿತ್ತು. ಮೇಡಂ ಬೈಯಲಿಲ್ಲ. "ಎಷ್ಟು ಹೋಯಿತು ಅಂತ ಅಳೆದು ಹೇಳಪ್ಪಾ" ಎಂದರು.

0.20 ಗ್ರಾಂ ಹರಳು ನೀರಿಗೆ ಹಾಕಿ, ಬಣ್ಣ ಬದಲಿಸಿ ಅಂತ್ಯ ತೋರಿಸುವ ಸೂಚಕ ಮೀಥೈಲ್ ಆರೆಂಜ್ ಬೆರೆಸಿ, 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಿಂದ ಟೈಟ್ರೇಟ್ ಮಾಡಿದೆ, ಅಂದರೆ ಅಮೋನಿಯ ಮುಗಿಯಲು ಎಷ್ಟು ಆಮ್ಲ ಹಿಡಿಯುತ್ತದೆಂದು ಹನಿಹನಿಯಾಗಿ ಅಳೆದೆ. ನಡುವೆ ದ್ರಾವಣ ಕದಡಿ ಮತ್ತೆ ತಿಳಿಯಾಗುತ್ತದೆ; ಮೊದಲ ಸಲ ಕೆಟ್ಟಿತೆಂದು ಚೆಲ್ಲಿಯೇ ಬಿಟ್ಟಿದ್ದೆ. ತಾಮ್ರದ ನೀಲಿ ಅಡ್ಡ ಬಂದು ಅಂತ್ಯಬಿಂದು ಕಾಣದೆ ಕಣ್ಣು ಸೋತಿತು. ಆಮೇಲೆ ಪಕ್ಕದಲ್ಲಿ ಮೈಲುತುತ್ತಕ್ಕೆ ಅದೇ ಸೂಚಕ ಮತ್ತು ನಾಲ್ಕು ಹನಿ ಆಮ್ಲ ಹಾಕಿದ ಫ್ಲಾಸ್ಕ್ ಇಟ್ಟುಕೊಂಡು ಬಣ್ಣ ಹೋಲಿಸಿದೆ.

ತಾಮ್ರವೊಂದಕ್ಕೆ ನಾಲ್ಕು ಅಮೋನಿಯ ಇದ್ದರೆ 32.5 ಮಿ.ಲೀ. ಆಮ್ಲ ಬೇಕು. ಗಾಳಿಯಲ್ಲಿ ಒಣಗಿಸಿದ ಹರಳಿಗೆ 31.4 ಹಿಡಿಯಿತು, ಅಂದರೆ ತಾಮ್ರವೊಂದಕ್ಕೆ 3.86 ಅಮೋನಿಯ. ಓವನ್ ಪುಡಿಗೆ 23.6. ಅದೇ ಸೂತ್ರ ಹಿಡಿದರೆ 2.9, ಸೂತ್ರವೇ ಬದಲಾಗಿರುವ ಪುಡಿಗೆ ಈ ಲೆಕ್ಕ ಅಂದಾಜು ಮಾತ್ರ. ಓವನ್‌ಗೆ ಇಡುವ ಮುಂಚೆ ತೂಕ ನೋಡಿಕೊಂಡಿದ್ದರೆ, ಎಷ್ಟು ಇಳಿಯಿತೆಂದು ತಿಳಿದು ಅದೂ ಬಗೆಹರಿಯುತ್ತಿತ್ತು.

ವರದಿಯಲ್ಲಿ ಎರಡೂ ಸಂಖ್ಯೆ ಬರೆದೆ. ವೈವಾದಲ್ಲಿ (ಮೌಖಿಕ ಪರೀಕ್ಷೆ) ಕೇಳಿದ್ದೆಲ್ಲ ಆ 2.9ರ ಬಗ್ಗೆಯೇ.