ಮೂರನೇ ವರ್ಷ ನೋಡಿಕೊಳ್ಳೋರು ಯಾರು?

ನಮ್ಮದು ಮಂಡ್ಯದ ಒಂದು ಚಿಕ್ಕ ಟ್ರಸ್ಟು. ಮಾವನವರು ಆಲೆಮನೆ ನಡೆಸಿ ದುಡಿದ ಹಣದಲ್ಲಿ ಒಂದು ಪಾಲನ್ನು ಊರಿನ ಕೆಲಸಕ್ಕೆಂದು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಹೋದರು. ಅದರ ಬಡ್ಡಿ, ಜೊತೆಗೆ ನೆಂಟರಿಷ್ಟರು ಕೊಡುವ ದೇಣಿಗೆ, ಇಷ್ಟೇ ನಮ್ಮ ಕೈಲಿರುವುದು. ನಾನು ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಕಾರ್ಯದರ್ಶಿಯ ಜವಾಬ್ದಾರಿ ನನಗೆ ಬಂತು. ಇಪ್ಪತ್ತು ಅರ್ಜಿ ಬಂದರೆ ನಾಲ್ಕೈದಕ್ಕೆ ಕೊಡಬಹುದು. ಆ ನಾಲ್ಕೈದನ್ನು ಆರಿಸುವುದು ಹೇಗೆಂದು ನನಗೆ ಕಲಿಸಿದ್ದು ನಾವೇ ಮಾಡಿದ ಒಂದು ತಪ್ಪು.

ನಾಗಮಂಗಲ ತಾಲ್ಲೂಕಿನ ಒಂದು ಊರಿಗೆ ಶುದ್ಧ ಕುಡಿಯುವ ನೀರಿನ ಘಟಕ ಹಾಕಿಸಿಕೊಟ್ಟೆವು. ನಾಲೆ ನೀರು ಕಾಣದ ಊರು. ಬೋರ್‌ವೆಲ್ ನೀರು ಗಡುಸು, ಅದರಲ್ಲಿ ಬೇಳೆ ಬೇಯುವುದಿಲ್ಲ. ಅರ್ಜಿಯಲ್ಲಿ ಮೂರು ಕೊಟೇಶನ್, ಪಂಚಾಯಿತಿ ಠರಾವು, ಫೋಟೋ ಎಲ್ಲ ಲಗತ್ತಾಗಿತ್ತು. ಉದ್ಘಾಟನೆಯ ದಿನ ಹೆಂಗಸರು ಕಳಸ ಹೊತ್ತು ಬಂದಿದ್ದರು. ಎರಡು ವರ್ಷ ಕಳೆದು, ಒಂದು ಮದುವೆಗೆ ಆ ದಾರಿಯಲ್ಲಿ ಹೋಗುವಾಗ ಇಳಿದು ನೋಡಿದೆ. ಶಟರ್ ಎಳೆದಿತ್ತು. ನಾಣ್ಯ ಹಾಕುವ ಕಿಂಡಿಯಲ್ಲಿ ಜೇಡ ಬಲೆ ಕಟ್ಟಿತ್ತು. ಎದುರು ಮನೆಯ ಜಗಲಿಯಲ್ಲಿ ಕೂತಿದ್ದ ಅಜ್ಜಿ, "ಅದ್ಯಾವ್ದೋ ಜರಡಿ ಕಟ್ಕಂಡದಂತೆ ಕನವ್ವ, ಬದ್ಲಾಯ್ಸಕೆ ದುಡ್ಡಿಲ್ವಂತೆ" ಅಂದರು.

ಅವರು ಜರಡಿ ಅಂದದ್ದು ಘಟಕದೊಳಗೆ ನೀರು ಸೋಸುವ ಮೆಂಬ್ರೇನಿಗೆ. ಗಡುಸು ನೀರಿದ್ದಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತದೆ, ಕಾಲಕಾಲಕ್ಕೆ ಬದಲಾಯಿಸಲೇಬೇಕು. ಕ್ಯಾನಿಗೆ ಇಷ್ಟು ಎಂದು ಬರುವ ನಾಣ್ಯ ಯಾರ ಕೈ ಸೇರುತ್ತದೆ, ರಿಪೇರಿಗೆಂದು ತಿಂಗಳಿಗೆ ಎಷ್ಟು ಎತ್ತಿಡಬೇಕು ಎಂದು ನಾವು ಕೇಳಿಯೇ ಇರಲಿಲ್ಲ. ಊರಿನವರನ್ನು ದೂರಿ ಫಲವಿಲ್ಲ. ಹಣ ಕೊಟ್ಟ ನಾವು ಕೇಳಬೇಕಿತ್ತು.

ಅಂದಿನಿಂದ ನಮ್ಮ ಅರ್ಜಿ ಒಂದೇ ಪುಟ, ಕನ್ನಡದಲ್ಲಿ, ಕೈಬರಹವಾದರೂ ಸರಿ. ಮೊದಲೆಲ್ಲ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಟೈಪ್ ಮಾಡಿಸಿದ ಅರ್ಜಿ ಕಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು, ಬರೆಸಲು ದುಡ್ಡಿಲ್ಲದವರ ಅರ್ಜಿ ಕೆಳಗೆ ಬೀಳುತ್ತಿತ್ತು. ಅದು ಅನ್ಯಾಯ. ಆ ಪುಟದ ಮೊದಲ ಪ್ರಶ್ನೆಯೇ, ಮೂರನೇ ವರ್ಷ ಇದನ್ನು ನೋಡಿಕೊಳ್ಳೋರು ಯಾರು? ಅಲ್ಲಿ ಹೆಸರು ಇರಬೇಕು. "ಊರಿನವರೆಲ್ಲ ಸೇರಿ" ಎಂದು ಬರೆದಿದ್ದರೆ ಯಾರೂ ಇಲ್ಲವೆಂದೇ ನಾನು ಲೆಕ್ಕ ಹಾಕುತ್ತೇನೆ.

ಆಮೇಲೆ ಊರಿಗೆ ಹೋಗುವುದು. ಹೇಳಿ ಹೋದರೆ ಹಾರ, ಕಾಫಿ, ಮುಖಂಡರ ಮಾತು. ಅದಕ್ಕೇ ಬೆಳಿಗ್ಗೆ ಡೈರಿಗೆ ಹಾಲು ಹಾಕುವ ಹೊತ್ತಿಗೆ, ಯಾರಿಗೂ ಹೇಳದೆ ಹೋಗುತ್ತೇವೆ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ಹೆಂಗಸರು ಹತ್ತು ನಿಮಿಷದಲ್ಲಿ ಹೇಳುವಷ್ಟನ್ನು ಯಾವ ಅರ್ಜಿಯೂ ಹೇಳುವುದಿಲ್ಲ.

ಮದ್ದೂರು ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಯವರು, ಅಂದರೆ ಶಾಲೆಯ ಉಸ್ತುವಾರಿ ಸಮಿತಿಯವರು, ಹೆಣ್ಣುಮಕ್ಕಳಿಗೆ ಹೊಸ ಶೌಚಾಲಯ ಬೇಕೆಂದು ಬರೆದಿದ್ದರು. ಡೈರಿ ಹತ್ತಿರ ವಿಚಾರಿಸಿದರೆ ಒಬ್ಬಾಕೆ, "ಇರೋದ್ಕೇ ಬೀಗ ಹಾಕವ್ರಲ್ಲಕ್ಕ" ಅಂದಳು. ಶಾಲೆಗೆ ಹೋದೆವು. ಮುಖ್ಯ ಶಿಕ್ಷಕಿ ಮೇಜಿನ ಡ್ರಾಯರಿನಲ್ಲಿ ತಡಕಾಡಿ ಬೀಗದ ಕೈ ತಂದರು. ಬೀಗ ತುಕ್ಕು ಹಿಡಿದು ತಿರುಗಲಿಲ್ಲ, ಎಣ್ಣೆ ಬಿಟ್ಟು ತೆಗೆಯಬೇಕಾಯಿತು. ಒಳಗೆ ಎರಡು ಕೋಣೆ, ಟೈಲ್ಸ್ ಕೂಡ ಒಡೆದಿರಲಿಲ್ಲ. ನಲ್ಲಿ ಮಾತ್ರ ಒಣಗಿತ್ತು. ತಾರಸಿಯ ಮೇಲಿನ ಸಿಂಟೆಕ್ಸ್ ಬಿರುಕು ಬಿಟ್ಟು ಎಷ್ಟು ದಿನವಾಗಿತ್ತೋ. ಏಳನೇ ಕ್ಲಾಸಿನ ಹುಡುಗಿಯರನ್ನು ಪಕ್ಕಕ್ಕೆ ಕರೆದು ಕೇಳಿದರೆ, ಮಧ್ಯಾಹ್ನದವರೆಗೆ ನೀರೇ ಕುಡಿಯುವುದಿಲ್ಲ ಅಂದರು. ಆ ಮಾತು ಕೇಳಿ ನನಗೆ ಅಂದು ಊಟ ಸೇರಲಿಲ್ಲ.

ಹೊಸ ಕಟ್ಟಡ ಬೇಡ, ಟ್ಯಾಂಕು, ಮೋಟಾರು, ಪೈಪ್‌ಲೈನು ಸಾಕು ಎಂದು ತೀರ್ಮಾನಿಸಿದೆವು. ಕೇಳಿದ್ದರಲ್ಲಿ ಕಾಲುಭಾಗವೂ ಖರ್ಚಾಗಲಿಲ್ಲ. ದಿನಾ ತೊಳೆಯುವ ಆಯಮ್ಮನಿಗೆ ತಿಂಗಳ ಸಂಬಳ ಎಸ್‌ಡಿಎಂಸಿ ಕೊಡಬೇಕು, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು ಎಂಬುದೊಂದೇ ನಮ್ಮ ಷರತ್ತು. ದಾನಿಗಳ ಹೆಸರಿನ ಕಲ್ಲು ಹಾಕಿಸುತ್ತೇವೆ ಅಂದರು, ಬೇಡವೆಂದೆ.

ಕಾನೂನಿನ ಒತ್ತಡವೂ ಇದೆ. ತೆರಿಗೆ ವಿನಾಯಿತಿ ಉಳಿಯಬೇಕಾದರೆ ಟ್ರಸ್ಟಿನ ವರ್ಷದ ಆದಾಯದಲ್ಲಿ ಶೇ. 85ರಷ್ಟನ್ನು ಮಾರ್ಚ್ 31ರೊಳಗೆ ಉದ್ದೇಶಕ್ಕೆ ಬಳಸಬೇಕು, ಇಲ್ಲವೇ ಯಾವ ಕೆಲಸಕ್ಕೆ ಎತ್ತಿಡುತ್ತಿದ್ದೇವೆಂದು ಇಲಾಖೆಗೆ ಬರೆದುಕೊಡಬೇಕು. ನೀರಿನ ಘಟಕಕ್ಕೆ ಒಪ್ಪಿದ್ದು ಇಂಥದೇ ಒಂದು ಮಾರ್ಚ್ ತಿಂಗಳ ಅವಸರದಲ್ಲಿ. ಈಗ ಆಗಸ್ಟಿನಲ್ಲೇ ಅರ್ಜಿ ಕರೆದು, ಭತ್ತದ ಕುಯ್ಲಿಗೆ ಮೊದಲೇ ಊರು ಸುತ್ತಿ ಮುಗಿಸುತ್ತೇವೆ. ಕುಯ್ಲು ಶುರುವಾದರೆ ಮಾತಾಡಲು ಯಾರೂ ಸಿಗುವುದಿಲ್ಲ.

2023ರಲ್ಲಿ ಕೆಆರ್‌ಎಸ್ ಅಣೆಕಟ್ಟು ತುಂಬುವ ಮಟ್ಟವಾದ 124.80 ಅಡಿ ಮುಟ್ಟಲೇ ಇಲ್ಲ. ಆ ವರ್ಷ ಬಂದ ಅರ್ಜಿಗಳಲ್ಲಿ ಹೆಚ್ಚಿನವು ಬೋರ್‌ವೆಲ್ ಕೊರೆಸಿಕೊಡಿ ಎಂದು. ಒಬ್ಬರ ಬೋರು ಪಕ್ಕದವರ ಬೋರನ್ನು ಒಣಗಿಸುತ್ತದೆ ಎಂದು ನಾನು ವಾದಿಸಿದೆ. ಟ್ರಸ್ಟಿಗಳಲ್ಲೇ ಒಬ್ಬರು, "ಬಾಯಾರಿದವನ ಮುಂದೆ ಇದನ್ನ ಹೇಳ್ತೀಯಾ ತಾಯಿ?" ಅಂದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಆದರೆ ದಾಸನದೊಡ್ಡಿಯ ಕಾಮೇಗೌಡರು ಕುರಿ ಮಾರಿದ ದುಡ್ಡಿನಲ್ಲಿ ಬೆಟ್ಟದ ಮೇಲೆ ನೀರಿನ ಕಟ್ಟೆ ಕಟ್ಟಿಸಿದ ಜಿಲ್ಲೆ ಇದು. ಕೊನೆಗೆ ಬೋರ್‌ವೆಲ್ ಬದಲು ಮಳವಳ್ಳಿ ಕಡೆಯ ಒಂದು ಹಳೇ ಕಟ್ಟೆಯ ಹೂಳು ತೆಗೆಸಲು ಕೊಟ್ಟೆವು. ಹೂಳನ್ನು ರೈತರೇ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊಡೆದುಕೊಂಡರು, ಸಾಗಣೆಯ ಖರ್ಚು ಉಳಿಯಿತು.

ಸಭೆಯಲ್ಲಿ ನಾವು ಐದು ಜನ. ನೆಂಟರ ಅಥವಾ ಸ್ವಂತ ಊರಿನ ಅರ್ಜಿ ಬಂದರೆ ಆ ಟ್ರಸ್ಟಿ ಎದ್ದು ಆಚೆ ಹೋಗಬೇಕು. ನಮ್ಮ ಅಧ್ಯಕ್ಷರಿಗೆ ಎಂಬತ್ತು ದಾಟಿದೆ. ಅವರೂ ಒಮ್ಮೆ ಕೋಲೂರಿಕೊಂಡು ಹೊರಗೆ ಹೋಗಿ, ಚಪ್ಪಲಿ ಬಿಡುವ ಜಾಗದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಆ ಅರ್ಜಿಯನ್ನು ನಾವು ಒಪ್ಪಲಿಲ್ಲ, ಅವರು ಯಾಕೆಂದು ಕೇಳಲೂ ಇಲ್ಲ.

ದುಡ್ಡು ಕಂತಿನಲ್ಲಿ, ಸಂಘದ ಜಂಟಿ ಖಾತೆಗೆ ಮಾತ್ರ. ಒಂದನೇ ಕಂತಿನ ಬಿಲ್ಲು ಬಂದು, ನಾವು ಹೋಗಿ ನೋಡಿದ ಮೇಲೆ ಎರಡನೆಯದು. ಇಲ್ಲ ಅಂದವರಿಗೂ ಕಾರಣ ಬರೆದು ಕಾಗದ ಹಾಕುತ್ತೇನೆ.

ಹೋದ ತಿಂಗಳು ಆ ನಾಗಮಂಗಲದ ಊರಿನಿಂದ ಮತ್ತೆ ಅರ್ಜಿ ಬಂದಿದೆ. ಸ್ತ್ರೀಶಕ್ತಿ ಸಂಘದ ಇಬ್ಬರು ಸಹಿ ಹಾಕಿದ್ದಾರೆ. ಮೆಂಬ್ರೇನಿನ ಅರ್ಧ ಹಣ ತಾವೇ ಕೂಡಿಸಿದ್ದೇವೆ ಎಂದು ಬರೆದು ಪಾಸ್‌ಬುಕ್ಕಿನ ಜೆರಾಕ್ಸ್ ಲಗತ್ತಿಸಿದ್ದಾರೆ. ಒಂದೊಂದು ಜಮೆಯೂ ನೂರು, ನೂರೈವತ್ತು. ಉಳಿದರ್ಧ ಕೊಡಬೇಕೆಂದು ನನ್ನ ಮನಸ್ಸು ಆಗಲೇ ಹೇಳುತ್ತಿದೆ. ಆದರೂ ಭಾನುವಾರ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಅಲ್ಲಿಗೆ ಹೋಗಿ ಬರುತ್ತೇನೆ.