ಎಚ್‌ಎಂಐ ಪ್ಯಾನೆಲ್ ಆರಿಸುವುದು ಹೇಗೆ: ಮೊದಲು ಮಾತು, ಆಮೇಲೆ ಪರದೆ

ಯಂತ್ರಕ್ಕೆ ಹೊಸ ಎಚ್‌ಎಂಐ ಪ್ಯಾನೆಲ್ (ಆಪರೇಟರ್ ಯಂತ್ರದ ಸ್ಥಿತಿ ನೋಡುವ, ಆದೇಶ ಕೊಡುವ ಪರದೆ) ಬೇಕು ಅಂದ ತಕ್ಷಣ ಬರುವ ಮೊದಲ ಪ್ರಶ್ನೆ, ‘ಎಷ್ಟು ಇಂಚು?’ ಏಳೋ ಹತ್ತೋ ಅಂತ ತೀರ್ಮಾನ ಆಗುತ್ತದೆ. ಬಣ್ಣ ಚೆನ್ನಾಗಿದೆ, ಬೆಲೆ ಹೊಂದುತ್ತದೆ ಅಂತ ಆರ್ಡರ್ ಹೋಗುತ್ತದೆ. ಡಬ್ಬ ಬಿಚ್ಚಿ ಕೂರಿಸಿದ ಮೇಲೆ ಗೊತ್ತಾಗುತ್ತದೆ, ಒಳಗಿರುವ ಪಿಎಲ್‌ಸಿ (ಯಂತ್ರವನ್ನು ನಿಯಂತ್ರಿಸುವ ಕಂಪ್ಯೂಟರ್) ಜೊತೆ ಅದಕ್ಕೆ ಮಾತಾಡಲು ಬರುವುದಿಲ್ಲ. ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಅದಕ್ಕೇ ಇಲ್ಲಿ ಇಂಚಿನ ವಿಷಯ ಕಡೆಗೆ ಬರುತ್ತದೆ, ಅದೂ ನಾಲ್ಕೇ ಸಾಲಿನಲ್ಲಿ.

ಶುರು ಮಾಡುವ ಮೊದಲು ಒಂದು ಮಾತು. ಪ್ಯಾನೆಲ್ ಯಂತ್ರವನ್ನು ಓಡಿಸುವುದಿಲ್ಲ. ಓಡಿಸುವುದು ಪಿಎಲ್‌ಸಿ. ಪಿಎಲ್‌ಸಿಯ ಮೆಮೊರಿಯಲ್ಲಿರುವ ಅಂಕಿಗಳನ್ನು ಓದಿ ತೋರಿಸುವುದು, ಆಪರೇಟರ್ ಒತ್ತಿದ್ದನ್ನು ಅಲ್ಲಿಗೆ ಬರೆಯುವುದು, ಇಷ್ಟೇ ಪ್ಯಾನೆಲ್‌ನ ಕೆಲಸ. ಪ್ಯಾನೆಲ್ ಆಫ್ ಆದರೂ ಪಿಎಲ್‌ಸಿ ತನ್ನ ಪಾಡಿಗೆ ತಾನು ಓಡುತ್ತಲೇ ಇರುತ್ತದೆ. ಎರಡೂ ಒಂದೇ ಡಬ್ಬದಲ್ಲಿರುವ ಮಾದರಿಗಳೂ ಸಿಗುತ್ತವೆ. ತೀರಾ ಸಣ್ಣ ಯಂತ್ರಕ್ಕೆ ಅದು ನಡೆಯುತ್ತದೆ. ಆದರೆ ಪರದೆ ಒಡೆದರೆ ನಿಯಂತ್ರಣವೂ ಅದರ ಜೊತೆಗೇ ಹೋಗುತ್ತದೆ. ನನ್ನನ್ನು ಕೇಳಿದರೆ ಎರಡೂ ಬೇರೆ ಬೇರೆ ಇರಲಿ.

ಹೆಜ್ಜೆ 1: ಪಟ್ಟಿ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಆಪರೇಟರ್ ಏನೇನು ನೋಡಬೇಕು, ಏನೇನು ಬದಲಾಯಿಸಬೇಕು, ಯಾವ ಯಾವ ಅಲಾರಂ ಬರಬಹುದು ಅಂತ ಮೂರು ಸಾಲು ಮಾಡಿ ಬರೆಯಿರಿ. ಬರೆಯುವಾಗ ಆಪರೇಟರ್ ಪಕ್ಕದಲ್ಲಿರಲಿ. ಪಟ್ಟಿಯಲ್ಲಿ ಎರಡು ಟೈಮರ್, ಒಂದು ಕೌಂಟರ್ ಮಾತ್ರ ಇದ್ದರೆ ಟಚ್‌ಸ್ಕ್ರೀನೇ ಬೇಡ. ಕೀ ಇರುವ ಸಣ್ಣ ಟೆಕ್ಸ್ಟ್ ಡಿಸ್‌ಪ್ಲೇ ಸಾಕು. ಎಣ್ಣೆ ಕೈಯಲ್ಲಿ ಒತ್ತಿದರೂ ಅದು ಕೆಲಸ ಮಾಡುತ್ತದೆ.

ಹೆಜ್ಜೆ 2: ಪರದೆಯ ಮೇಲೆ ಏನಿರಬಾರದು ಅಂತ ತೀರ್ಮಾನಿಸಿ

ತುರ್ತು ನಿಲುಗಡೆ ಬಟನ್ ಟಚ್‌ಸ್ಕ್ರೀನ್ ಮೇಲೆ ಇರಲೇಬಾರದು. ಬೆರಳು ಒತ್ತಿದ್ದನ್ನು ಪ್ಯಾನೆಲ್‌ನ ಸಾಫ್ಟ್‌ವೇರ್ ಗುರುತಿಸಬೇಕು, ಕೇಬಲ್ ಅದನ್ನು ಸಾಗಿಸಬೇಕು, ಪಿಎಲ್‌ಸಿ ತನ್ನ ಸ್ಕ್ಯಾನ್‌ನಲ್ಲಿ (ಪ್ರೋಗ್ರಾಂನ ಒಂದು ಸುತ್ತಿನಲ್ಲಿ) ಓದಬೇಕು. ಈ ಸರಣಿಯಲ್ಲಿ ಎಲ್ಲಿ ಸಿಕ್ಕಿಕೊಂಡರೂ ಯಂತ್ರ ನಿಲ್ಲುವುದಿಲ್ಲ. ಹಳದಿ ಹಿನ್ನೆಲೆಯ ಮೇಲೆ ಕೆಂಪು ಅಣಬೆ ಬಟನ್, ಒತ್ತಿದರೆ ಒಳಗೇ ಕಚ್ಚಿ ನಿಲ್ಲುವಂಥದ್ದು, ನೇರವಾಗಿ ಸುರಕ್ಷತಾ ಸರ್ಕ್ಯೂಟ್‌ಗೆ ವೈರ್ ಆಗಿರಬೇಕು. ಐಎಸ್‌ಒ 13850, ಐಇಸಿ 60204-1 ಮಾನದಂಡಗಳು ಇದರ ಬಗ್ಗೆಯೇ ಹೇಳುತ್ತವೆ.

ಜಾಗ್ ಬಟನ್ (ಮೋಟಾರನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುವ ಬಟನ್) ವಿಷಯದಲ್ಲೂ ನಾನು ಇಷ್ಟೇ ಕಟ್ಟುನಿಟ್ಟು. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಮೋಟಾರ್ ತಿರುಗಬೇಕು, ಅಲ್ವಾ? ಟಚ್‌ನಲ್ಲಿ ಒತ್ತಿದಾಗ ಪಿಎಲ್‌ಸಿಯ ಒಂದು ಬಿಟ್ 1 ಆಗುತ್ತದೆ, ಬಿಟ್ಟಾಗ 0 ಆಗುತ್ತದೆ. ಒತ್ತಿರುವಾಗಲೇ ಕೇಬಲ್ ಸಡಿಲವಾದರೆ ಆ ‘0’ ತಲುಪುವುದೇ ಇಲ್ಲ. ಬಿಟ್ 1 ಆಗಿಯೇ ಉಳಿಯುತ್ತದೆ, ಮೋಟಾರ್ ತಿರುಗುತ್ತಲೇ ಇರುತ್ತದೆ. ಜಾಗ್‌ಗೆ ನಿಜವಾದ ಪುಶ್‌ಬಟನ್ ಹಾಕಿ.

ಹೆಜ್ಜೆ 3: ಮಾತು ಕೂಡುತ್ತದೆಯೇ ನೋಡಿ

ಜಾಸ್ತಿ ಜನ ಎಡವುವುದು ಇಲ್ಲಿ. ನಿಧಾನವಾಗಿ ಓದಿ.

ಮೊದಲು ಪಿಎಲ್‌ಸಿಯ ಪೂರ್ತಿ ಮಾದರಿ ಸಂಖ್ಯೆ ಬರೆದುಕೊಳ್ಳಿ. ಕಂಪನಿಯ ಹೆಸರು ಸಾಲದು. ‘ಈ ಕಂಪನಿಯ ಪಿಎಲ್‌ಸಿಗಳಿಗೆ ಹೊಂದುತ್ತದೆ’ ಅಂತ ಕ್ಯಾಟಲಾಗ್‌ನಲ್ಲಿ ಇರುತ್ತದೆ, ಆದರೆ ಅದೇ ಕಂಪನಿಯ ಹಳೆಯ ಸಿಪಿಯು ಒಂದು ಪ್ರೋಟೋಕಾಲ್ (ಮಾತಾಡುವ ನಿಯಮ) ಬಳಸುತ್ತದೆ, ಹೊಸದು ಇನ್ನೊಂದು. ಪ್ಯಾನೆಲ್ ತಯಾರಕರ ಡ್ರೈವರ್ ಪಟ್ಟಿ ತೆರೆದು ನಿಮ್ಮ ಸಿಪಿಯು, ನೀವು ಬಳಸುವ ಪೋರ್ಟ್ ಎರಡೂ ಅಲ್ಲಿವೆಯೇ ನೋಡಿ. ಉದಾಹರಣೆಗೆ ಸೀಮೆನ್ಸ್ ಎಸ್7-1200ಗೆ ಬೇರೆ ಕಂಪನಿಯ ಪ್ಯಾನೆಲ್ ಜೋಡಿಸುವಾಗ ಸಾಮಾನ್ಯವಾಗಿ ಪಿಎಲ್‌ಸಿ ಕಡೆ ‘ಪುಟ್/ಗೆಟ್’ (ಹೊರಗಿನ ಸಾಧನ ಮೆಮೊರಿ ಓದಿ ಬರೆಯುವ) ಅನುಮತಿ ಕೊಡಬೇಕು, ಡೇಟಾ ಬ್ಲಾಕ್‌ನ (ಅಂಕಿಗಳನ್ನು ಇಡುವ ಜಾಗದ) ‘ಆಪ್ಟಿಮೈಸ್ಡ್’ ಆಯ್ಕೆ ತೆಗೆಯಬೇಕು. ಪಿಎಲ್‌ಸಿ ಪ್ರೋಗ್ರಾಂ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಇದನ್ನು ಮಾಡಲು ಆಗುವುದಿಲ್ಲ. ಹಾಗಾಗಿ ಪ್ಯಾನೆಲ್ ಕೊಳ್ಳುವ ಮೊದಲೇ ‘ಪಿಎಲ್‌ಸಿ ಪ್ರೋಗ್ರಾಂ ಯಾರ ಹತ್ತಿರ ಇದೆ?’ ಅಂತ ಕೇಳಿ. ಯಂತ್ರ ಮಾಡಿಕೊಟ್ಟವರು ಪಾಸ್‌ವರ್ಡ್ ಹಾಕಿಟ್ಟು ಹೋಗಿದ್ದರೆ ಮೊದಲು ಅದನ್ನು ಬಗೆಹರಿಸಿಕೊಳ್ಳಿ.

ಎರಡನೆಯದು ವೈರಿಂಗ್. ಸೀರಿಯಲ್ ಕೇಬಲ್‌ನಲ್ಲಿ ಎರಡು ಬಗೆ ಸಾಮಾನ್ಯ. ಆರ್‌ಎಸ್-232 ಸುಮಾರು 15 ಮೀಟರ್‌ವರೆಗೆ ಮಾತ್ರ, ಅದೂ ಒಂದಕ್ಕೆ ಒಂದು. ಆರ್‌ಎಸ್-485 ನಿಧಾನ ವೇಗದಲ್ಲಿ 1200 ಮೀಟರ್‌ವರೆಗೆ ಹೋಗುತ್ತದೆ, ಒಂದೇ ಜೋಡಿ ತಂತಿಯ ಮೇಲೆ ಹಲವು ಸಾಧನ ಕೂರುತ್ತವೆ. 485ರಲ್ಲಿ ಮೂರು ತಪ್ಪುಗಳು ಎಲ್ಲೆಡೆ ಕಾಣುತ್ತವೆ. ಒಂದು, ಎ ಮತ್ತು ಬಿ ತಂತಿ ಅದಲು ಬದಲು. ಯಾವುದು ಎ, ಯಾವುದು ಬಿ ಅನ್ನುವುದರಲ್ಲಿ ತಯಾರಕರಲ್ಲೇ ಒಮ್ಮತ ಇಲ್ಲ. ಉತ್ತರ ಬರದಿದ್ದರೆ ಎರಡನ್ನೂ ತಿರುಗಿಸಿ ನೋಡಿ, ಏನೂ ಸುಡುವುದಿಲ್ಲ. ಎರಡು, ಮೂರನೆಯ ತಂತಿಯನ್ನೇ ಎಳೆಯದಿರುವುದು. ಎರಡು ತಂತಿಯಲ್ಲೇ ನಡೆಯುತ್ತದಲ್ಲಾ ಅಂತ ಕಾಮನ್ (ಎರಡೂ ಕಡೆಯ ಸೊನ್ನೆ ವೋಲ್ಟ್ ಜೋಡಿಸುವ ತಂತಿ) ಬಿಟ್ಟುಬಿಡುತ್ತಾರೆ. ಮೇಜಿನ ಮೇಲೆ ನಡೆಯುತ್ತದೆ, ಪಕ್ಕದಲ್ಲಿ ಡ್ರೈವ್ (ಮೋಟಾರ್ ವೇಗ ನಿಯಂತ್ರಿಸುವ ಸಾಧನ) ಓಡಲು ಶುರುವಾದಾಗ ಕೈಕೊಡುತ್ತದೆ. ಮೂರು, ಕೇಬಲನ್ನು ನಕ್ಷತ್ರದ ಹಾಗೆ ಕವಲು ಒಡೆಸುವುದು. 485 ಒಂದು ಸಾಧನದಿಂದ ಮುಂದಿನದಕ್ಕೆ ಸಾಲಾಗಿ ಹೋಗಬೇಕು, ಎರಡು ತುದಿಯಲ್ಲಿ ಮಾತ್ರ 120 ಓಮ್ ರೆಸಿಸ್ಟರ್ ಇರಬೇಕು. ಸಾಧ್ಯವಿದ್ದರೆ ಐಸೊಲೇಟೆಡ್ ಪೋರ್ಟ್ (ಒಳಗಿನ ಸರ್ಕ್ಯೂಟ್‌ನಿಂದ ವಿದ್ಯುತ್ ಸಂಪರ್ಕ ಬೇರ್ಪಡಿಸಿದ ಪೋರ್ಟ್) ಇರುವ ಪ್ಯಾನೆಲನ್ನೇ ತೆಗೆದುಕೊಳ್ಳಿ. ಡ್ರೈವ್‌ಗಳ ನಡುವೆ ಕೂರುವ ಪ್ಯಾನೆಲ್‌ಗೆ ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಮೂರನೆಯದು ಸೆಟ್ಟಿಂಗ್. ಬಾಡ್ ರೇಟ್ (ಸಂವಹನದ ವೇಗ), ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್), ಸ್ಟಾಪ್ ಬಿಟ್ (ಬೈಟ್ ಮುಗಿಯಿತು ಅನ್ನುವ ಗುರುತು), ಸ್ಲೇವ್ ವಿಳಾಸ (ಸಾಧನದ ಸಂಖ್ಯೆ), ನಾಲ್ಕೂ ಎರಡು ಕಡೆ ಒಂದೇ ಇರಬೇಕು. ಪ್ಯಾರಿಟಿಯನ್ನೇ ಜನ ಮರೆಯುವುದು ಜಾಸ್ತಿ.

ನಾಲ್ಕನೆಯದು ವಿಳಾಸ. ಮಾಡ್‌ಬಸ್ ಅನ್ನುವ ಪ್ರೋಟೋಕಾಲ್ 1979ರಷ್ಟು ಹಳೆಯದು, ಈಗಲೂ ಎಲ್ಲಾ ಕಡೆ ಇದೆ. ಅದರ ಒಂದು ಗೊಂದಲ ಇನ್ನೂ ಹೋಗಿಲ್ಲ. ಮ್ಯಾನುಯಲ್‌ನಲ್ಲಿ 40001 ಅಂತ ಬರೆದಿರುವ ರಿಜಿಸ್ಟರ್ (ಅಂಕಿ ಇಡುವ 16 ಬಿಟ್ ಖಾನೆ), ತಂತಿಯ ಮೇಲೆ ಹೋಗುವ ಸಂದೇಶದಲ್ಲಿ ವಿಳಾಸ 0. ಕೆಲವು ಪ್ಯಾನೆಲ್ ಸಾಫ್ಟ್‌ವೇರ್ 1 ಅಂತ ಕೊಡಿ ಅನ್ನುತ್ತದೆ, ಕೆಲವು 0 ಅನ್ನುತ್ತದೆ. ತಾಪಮಾನ ಬರಬೇಕಾದ ಜಾಗದಲ್ಲಿ ಪಕ್ಕದ ರಿಜಿಸ್ಟರಿನ ಒತ್ತಡ ಬರುತ್ತಿದ್ದರೆ ಒಂದು ಹಿಂದೆ ಅಥವಾ ಮುಂದೆ ಸರಿಸಿ. ಓದುವಾಗ ಇದು ಬರೀ ತಪ್ಪು ಅಂಕಿ. ಬರೆಯುವಾಗ ಹಾಗಲ್ಲ, ಬೇರೆ ಸೆಟ್ಟಿಂಗೇ ಬದಲಾಗಿಬಿಡುತ್ತದೆ. ಆದ್ದರಿಂದ ಮೊದಲು ಓದಿಸಿ ಖಚಿತ ಮಾಡಿಕೊಂಡು ಆಮೇಲೆ ಬರೆಯುವ ಬಟನ್‌ಗಳನ್ನು ಇಡಿ.

32 ಬಿಟ್ ಅಂಕಿ ಎರಡು ರಿಜಿಸ್ಟರಿನಲ್ಲಿ ಕೂರುತ್ತದೆ. ಮೊದಲು ಮೇಲಿನ ಅರ್ಧವೋ ಕೆಳಗಿನ ಅರ್ಧವೋ ಅಂತ ಎಲ್ಲರೂ ಒಪ್ಪಿದ ನಿಯಮ ಇಲ್ಲ. ಪರೀಕ್ಷೆ ಸುಲಭ. ಪಿಎಲ್‌ಸಿಯಲ್ಲಿ 32 ಬಿಟ್ ಪೂರ್ಣಾಂಕವಾಗಿ 1 ಇಡಿ. ಪ್ಯಾನೆಲ್ 65536 ತೋರಿಸಿದರೆ ಎರಡು ಅರ್ಧ ಅದಲು ಬದಲಾಗಿವೆ ಅಂತ ಅರ್ಥ. ಸಾಫ್ಟ್‌ವೇರ್‌ನಲ್ಲಿ ವರ್ಡ್ ಸ್ವಾಪ್ ಆಯ್ಕೆ ಹಾಕಿ. ಆ ಆಯ್ಕೆಯೇ ಇಲ್ಲದ ಅಗ್ಗದ ಪ್ಯಾನೆಲ್‌ಗಳನ್ನು ಬಿಟ್ಟುಬಿಡಿ.

ಕೊನೆಯದು ವೇಗ. ‘ಪ್ಯಾನೆಲ್ ಸ್ಲೋ’ ಅಂತ ದೂರುವವರು ಸುಮ್ನೆ ಪ್ರೊಸೆಸರನ್ನು ಬೈಯುತ್ತಾರೆ. ಲೆಕ್ಕ ಹಾಕೋಣ. 9600 ಬಾಡ್‌ನಲ್ಲಿ ಒಂದು ಬೈಟ್‌ಗೆ 10 ಬಿಟ್ ಅಂದರೆ ಸೆಕೆಂಡಿಗೆ 960 ಬೈಟ್. ಮಾಡ್‌ಬಸ್ ಆರ್‌ಟಿಯುನಲ್ಲಿ (ಸೀರಿಯಲ್ ತಂತಿಯ ಮೇಲೆ ಓಡುವ ರೂಪದಲ್ಲಿ) ಒಂದು ರಿಜಿಸ್ಟರ್ ಓದಲು ಪ್ರಶ್ನೆ 8 ಬೈಟ್, ಉತ್ತರ 7 ಬೈಟ್. ನೂರು ರಿಜಿಸ್ಟರನ್ನು ಒಂದೊಂದಾಗಿ ಕೇಳಿದರೆ 1500 ಬೈಟ್, ತಂತಿಯ ಮೇಲೆಯೇ ಒಂದೂವರೆ ಸೆಕೆಂಡ್ ದಾಟುತ್ತದೆ. ಪ್ರತಿ ಉತ್ತರಕ್ಕೂ ಕಾಯುವ ಹೊತ್ತು ಸೇರಿದರೆ ಇನ್ನೂ ಜಾಸ್ತಿ. ಅದೇ ನೂರು ರಿಜಿಸ್ಟರ್ ಒಂದರ ಪಕ್ಕ ಒಂದಿದ್ದರೆ ಒಂದೇ ಪ್ರಶ್ನೆಯಲ್ಲಿ ಓದಬಹುದು. ಒಟ್ಟು 213 ಬೈಟ್, ಕಾಲು ಸೆಕೆಂಡಿನೊಳಗೆ ಮುಗಿಯುತ್ತದೆ. ಒಂದು ಪ್ರಶ್ನೆಗೆ ಮಿತಿ 125 ರಿಜಿಸ್ಟರ್. ಹಾಗಾಗಿ ಪ್ಯಾನೆಲ್‌ಗೆ ಬೇಕಾದ ಅಂಕಿಗಳನ್ನೆಲ್ಲ ಪಿಎಲ್‌ಸಿಯಲ್ಲಿ ಒಂದೇ ಕಡೆ ಒಟ್ಟುಮಾಡಿ ಇಡಿ. ದುಬಾರಿ ಪ್ಯಾನೆಲ್ ಕೊಡದ ವೇಗ ಇದರಿಂದ ಸಿಗುತ್ತದೆ.

ಪಿಎಲ್‌ಸಿಯಲ್ಲಿ ಈಥರ್ನೆಟ್ ಇದ್ದರೆ ಅದನ್ನೇ ಬಳಸಿ. ಮೇಲಿನ ಅರ್ಧ ತಲೆನೋವು ಇರುವುದಿಲ್ಲ, ಐಪಿ ವಿಳಾಸ ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ನೋಡಿಕೊಂಡರೆ ಸಾಕು. ಮಾಮೂಲಿ ಮಾಡ್‌ಬಸ್ ಟಿಸಿಪಿಗೆ (ಈಥರ್ನೆಟ್ ಮೇಲೆ ಓಡುವ ರೂಪಕ್ಕೆ) ಪಾಸ್‌ವರ್ಡ್ ಅನ್ನುವುದೇ ಇಲ್ಲ. ಮನೆಯಿಂದ ನೋಡಬೇಕು ಅಂತ ಅದರ 502ನೇ ಪೋರ್ಟನ್ನು ಇಂಟರ್ನೆಟ್‌ಗೆ ತೆರೆದಿಡುವುದು ಬಹಳ ಅಪಾಯ. ದೂರದಿಂದ ನೋಡಲೇಬೇಕಾದರೆ ವಿಪಿಎನ್ (ಇಂಟರ್ನೆಟ್ ಒಳಗಿನ ಖಾಸಗಿ, ಸುರಕ್ಷಿತ ದಾರಿ) ಮೂಲಕ ನೋಡಿ.

ಹೆಜ್ಜೆ 4: ಜಾಗ ನೋಡಿ ಟಚ್ ಆರಿಸಿ

ಕೈಗವಸು ಹಾಕುವ ಜಾಗಕ್ಕೆ ರೆಸಿಸ್ಟಿವ್ ಟಚ್. ಅದು ಒತ್ತಡದಿಂದ ಕೆಲಸ ಮಾಡುತ್ತದೆ, ಕೈಗವಸೋ ಪೆನ್ನಿನ ಹಿಂಬದಿಯೋ ಅಂತ ನೋಡುವುದಿಲ್ಲ. ಕೆಪಾಸಿಟಿವ್ ಟಚ್ ಮೊಬೈಲ್‌ನಂತೆ ನಯವಾಗಿರುತ್ತದೆ, ಆದರೆ ನೀರಿನ ಹನಿ ಬಿದ್ದರೆ ಗೊಂದಲಕ್ಕೆ ಬೀಳಬಹುದು. ಯಂತ್ರದ ಬಳಿ ನನ್ನ ಆಯ್ಕೆ ಯಾವಾಗಲೂ ರೆಸಿಸ್ಟಿವ್. ಮನೆಬಳಕೆಯ ಟ್ಯಾಬ್ಲೆಟ್‌ಗೆ ಚೌಕಟ್ಟು ಹಾಕಿ ಕೂರಿಸುವ ಅಡ್ಡದಾರಿ ಬೇಡ. ಅದರ ಬ್ಯಾಟರಿ ಬಿಸಿಗೆ ಉಬ್ಬುತ್ತದೆ, ಅಪ್‌ಡೇಟ್ ಬಂದಾಗ ತನ್ನಷ್ಟಕ್ಕೆ ರೀಸ್ಟಾರ್ಟ್ ಆಗುತ್ತದೆ.

ಇಲ್ಲಿ ಐಪಿ ಅಂದರೆ ವಿಳಾಸ ಅಲ್ಲ, ಧೂಳು ಮತ್ತು ನೀರಿನಿಂದ ರಕ್ಷಣೆಯ ದರ್ಜೆ. ಐಪಿ65 ಅಂದರೆ ಧೂಳು ಒಳಗೆ ಹೋಗುವುದಿಲ್ಲ, ನೀರು ಚಿಮ್ಮಿದರೂ ತಡೆಯುತ್ತದೆ. ಆದರೆ ಇದು ಸಾಮಾನ್ಯವಾಗಿ ಮುಂಭಾಗಕ್ಕೆ ಮಾತ್ರ, ಅದೂ ಗ್ಯಾಸ್ಕೆಟ್ ಸರಿಯಾಗಿ ಕೂತಿದ್ದರೆ ಮಾತ್ರ. ಹಿಂಭಾಗ ಹೆಚ್ಚಾಗಿ ಐಪಿ20, ಅಂದರೆ ನೀರಿನ ವಿರುದ್ಧ ಯಾವ ರಕ್ಷಣೆಯೂ ಇಲ್ಲ. ಬಿಸಿನೀರನ್ನು ಜೋರಾಗಿ ಹೊಡೆದು ತೊಳೆಯುವ ಜಾಗಕ್ಕೆ ಐಪಿ65 ಸಾಲದು, ಐಪಿ69ಕೆ ಕೇಳಿ.

ತಾಪಮಾನದ ಮಿತಿ ಸಾಮಾನ್ಯವಾಗಿ 0ರಿಂದ 50 ಡಿಗ್ರಿ. ಈ 50 ಕೋಣೆಯದ್ದಲ್ಲ, ಪ್ಯಾನೆಲ್ ಸುತ್ತಲಿನ ಗಾಳಿಯದ್ದು. ಮುಚ್ಚಿದ ಕ್ಯಾಬಿನೆಟ್ ಒಳಗೆ ಬಿಸಿ ಜಾಸ್ತಿ ಇರುತ್ತದೆ. ಬಿಸಿಲಿಗೆ ಮುಖ ಮಾಡಿದ ಪ್ಯಾನೆಲ್‌ಗೆ 1000 ನಿಟ್ಸ್ (ಪರದೆಯ ಪ್ರಕಾಶದ ಅಳತೆ) ಬೆಳಕು ಬೇಕು, ಒಳಾಂಗಣಕ್ಕೆ 300 ಸಾಕು. ಬ್ಯಾಕ್‌ಲೈಟ್ ಆಯಸ್ಸು 50,000 ಗಂಟೆ ಅಂತ ಬರೆದಿದ್ದರೆ, ಹಗಲು ರಾತ್ರಿ ಉರಿದರೆ ಐದೂವರೆ ವರ್ಷ ದಾಟಿ ಸ್ವಲ್ಪ ಅಷ್ಟೇ. ಸ್ಕ್ರೀನ್ ಸೇವರ್ ಹಾಕಿ, ಮೊದಲ ಸ್ಪರ್ಶಕ್ಕೆ ಪರದೆ ಎಚ್ಚರ ಆಗಲಿ, ಅದರಿಂದ ಬಟನ್ ಒತ್ತಿದಂತಾಗದಿರಲಿ.

ಹೆಜ್ಜೆ 5: ಈಗ ಇಂಚು

ಹೆಜ್ಜೆ 1ರ ಪಟ್ಟಿಯಲ್ಲಿ ಅತಿ ತುಂಬಿದ ಪುಟವನ್ನು ಕಾಗದದ ಮೇಲೆ ನಿಜವಾದ ಅಳತೆಯಲ್ಲಿ ಬಿಡಿಸಿ. ಕೈಗವಸು ಇದ್ದರೆ ಬಟನ್ 15 ಮಿಲಿಮೀಟರಿಗಿಂತ ಚಿಕ್ಕದಾಗಬಾರದು. ನಿಂತು ನೋಡಿದಾಗ ಓದಲು ಆದರೆ ಆ ಅಳತೆ ಸಾಕು. ಬಹಳಷ್ಟು ಯಂತ್ರಕ್ಕೆ 7 ಇಂಚು ಸಾಕಾಗುತ್ತದೆ.

ಹೆಜ್ಜೆ 6: ಸಾಫ್ಟ್‌ವೇರನ್ನು ಕೊಳ್ಳುವ ಮೊದಲೇ ಬಳಸಿ ನೋಡಿ

ಡೌನ್‌ಲೋಡ್ ಮಾಡಿ ಎರಡು ಪುಟ ಬಿಡಿಸಿ. ಸಿಮ್ಯುಲೇಶನ್ ಓಡುತ್ತದೆಯೇ, ಲೈಸೆನ್ಸ್‌ಗೆ ಬೇರೆ ಹಣ ಕೊಡಬೇಕೇ, ಟ್ಯಾಗ್‌ಗಳ (ಪಿಎಲ್‌ಸಿಯ ಅಂಕಿಗಳಿಗೆ ಪ್ಯಾನೆಲ್‌ನಲ್ಲಿ ಕೊಡುವ ಹೆಸರುಗಳ) ಸಂಖ್ಯೆಗೆ ಮಿತಿ ಇದೆಯೇ ನೋಡಿ. ಆಪರೇಟರ್ ಓದುವ ಭಾಷೆಯಲ್ಲಿ ಒಂದು ವಾಕ್ಯ ಟೈಪ್ ಮಾಡಿ. ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುವ ಪ್ಯಾನೆಲ್‌ಗಳಿವೆ. ಹಾಗಾದರೆ ಪ್ರತಿ ಪದವನ್ನೂ ಚಿತ್ರವಾಗಿ ಹಾಕಬೇಕಾಗುತ್ತದೆ. ಅಲಾರಂ ದಾಖಲೆ, ರೆಸಿಪಿ (ಒಂದೊಂದು ಉತ್ಪನ್ನಕ್ಕೆ ಉಳಿಸಿಟ್ಟ ಸೆಟ್ಟಿಂಗ್‌ಗಳ ಗುಂಪು) ಇವು ಕರೆಂಟ್ ಹೋದರೂ ಉಳಿಯುತ್ತವೆಯೇ ಕೇಳಿ.

ಕೆಲಸ ಬೇರೆಯವರಿಂದ ಮಾಡಿಸಿದರೆ ಮೂಲ ಪ್ರಾಜೆಕ್ಟ್ ಫೈಲ್ ನಿಮ್ಮ ಕೈಗೆ ಬಂದ ಮೇಲೆಯೇ ಕೊನೆಯ ಕಂತು ಕೊಡಿ. ಎಷ್ಟೋ ಪ್ಯಾನೆಲ್‌ಗಳಿಂದ ತಿದ್ದಬಹುದಾದ ಫೈಲನ್ನು ಮರಳಿ ಪಡೆಯಲು ಆಗುವುದಿಲ್ಲ. ಫೈಲ್ ಇಲ್ಲದಿದ್ದರೆ, ಮುಂದೆ ಪ್ಯಾನೆಲ್ ಕೆಟ್ಟಾಗ ಎಲ್ಲ ಪುಟಗಳನ್ನೂ ಮೊದಲಿನಿಂದ ಬಿಡಿಸಬೇಕು.

ಹೆಜ್ಜೆ 7: ಕೂರಿಸಿ, ಕೇಬಲ್ ಕಿತ್ತು ನೋಡಿ

ಪ್ಯಾನೆಲ್ ಕೈಗೆ ಬರುವವರೆಗೆ ಕಟ್‌ಔಟ್ ಕತ್ತರಿಸಬೇಡಿ. ಮೊದಲು ಮೇಜಿನ ಮೇಲೆ ಪಿಎಲ್‌ಸಿ ಜೊತೆ ಮಾತಾಡಿಸಿ. ಪ್ಯಾನೆಲ್‌ನ 24 ವೋಲ್ಟ್ ಅನ್ನು ಸೊಲೆನಾಯ್ಡ್‌ಗಳಿಗೆ (ವಾಲ್ವ್ ತೆರೆದು ಮುಚ್ಚುವ ವಿದ್ಯುತ್ ಸುರುಳಿಗಳಿಗೆ) ಹೋಗುವ ಸಪ್ಲೈಯಿಂದ ಕೊಡದೆ ಬೇರೆ ಸಪ್ಲೈಯಿಂದ ಕೊಡಿ.

ಎಲ್ಲ ಆದ ಮೇಲೆ, ಯಂತ್ರ ಸುರಕ್ಷಿತ ಸ್ಥಿತಿಯಲ್ಲಿರುವಾಗ ಸಂವಹನದ ಕೇಬಲ್ ಕಿತ್ತು ಪರದೆ ನೋಡಿ. ಕೆಲವು ಪ್ಯಾನೆಲ್‌ಗಳು ಕೊನೆಯದಾಗಿ ಓದಿದ ಅಂಕಿಯನ್ನೇ ತೋರಿಸುತ್ತಾ ಕೂತಿರುತ್ತವೆ. ಒಳಗೆ ತಾಪಮಾನ ಏರುತ್ತಿರುತ್ತದೆ, ಪರದೆಯಲ್ಲಿ 72 ಡಿಗ್ರಿ ಹಾಗೇ ನಿಂತಿರುತ್ತದೆ. ಸಂಪರ್ಕ ಕಡಿದಾಗ ಅಂಕಿಯ ಜಾಗದಲ್ಲಿ ನಕ್ಷತ್ರ ಚಿಹ್ನೆ ಬರಬೇಕು, ಮೇಲೆ ‘ಪಿಎಲ್‌ಸಿ ಸಂಪರ್ಕ ಇಲ್ಲ’ ಅಂತ ದೊಡ್ಡದಾಗಿ ಕಾಣಬೇಕು. ಅದಕ್ಕೆ ತಕ್ಕ ಸೆಟ್ಟಿಂಗ್ ಇಲ್ಲದಿದ್ದರೆ ಪಿಎಲ್‌ಸಿಯಲ್ಲಿ ಸೆಕೆಂಡಿಗೊಮ್ಮೆ ಬದಲಾಗುವ ಒಂದು ಬಿಟ್ ಮಾಡಿ, ಅದನ್ನು ಪ್ರತಿ ಪುಟದ ಮೂಲೆಯಲ್ಲಿ ಮಿನುಗುವ ಚುಕ್ಕಿಯಾಗಿ ತೋರಿಸಿ. ಚುಕ್ಕಿ ನಿಂತರೆ ಪರದೆಯ ಅಂಕಿ ನಂಬಬಾರದು ಅಂತ ಪ್ರತಿ ಪಾಳಿಯ ಆಪರೇಟರ್‌ಗೂ ಹೇಳಿಕೊಡಿ.